ಹಸುವಿಗೆ ಹಸಿರು ಮೇವು, ಮನೆಯವರಿಗೆ? – ಬಾಯಿ ಕ್ಯಾನ್ಸರ್ ತಡೆಯುವಲ್ಲಿ ಆಹಾರದ ಪಾತ್ರ



ಈ ಪತ್ರಿಕೆಯಲ್ಲಿ ರಾಸುಗಳ ಆಹಾರ, ಕೆಚ್ಚಲು ಬಾವು, ಕೃತಕ ಗರ್ಭಧಾರಣೆ, ಕರುಗಳ ಪಾಲನೆ ಮುಂತಾದ ವಿಷಯಗಳನ್ನು ಓದುತ್ತಾ ಬಂದಿದ್ದೀರಿ. ಈ ಸಲ ರಾಸುಗಳನ್ನು ಸಾಕುವವರ ಆರೋಗ್ಯವನ್ನು ಕುರಿತು ನಾಲ್ಕು ಮಾತು. ಹಸು ಒಂದು ಹೊತ್ತು ಮೇವು ಬಿಟ್ಟರೆ ನಾವು ಕೂಡಲೇ ಅದರ ಬಾಯಿ ತೆರೆದು ನಾಲಿಗೆ, ವಸಡು, ಒಸಡಿನ ಹುಣ್ಣು ಎಲ್ಲವನ್ನೂ ನೋಡುತ್ತೇವೆ. ನಮ್ಮ ಬಾಯಿಯನ್ನು ಮಾತ್ರ ವರ್ಷಕ್ಕೊಮ್ಮೆಯೂ ನೋಡಿಕೊಳ್ಳುವುದಿಲ್ಲ.

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ ಹೊಸದಾಗಿ ತುಟಿ ಮತ್ತು ಬಾಯಿ ಕ್ಯಾನ್ಸರ್ ಬಂದವರು ಸುಮಾರು 1 ಲಕ್ಷ 40 ಸಾವಿರ ಮಂದಿ. ಅದೇ ವರ್ಷ ಈ ರೋಗದಿಂದ ಸತ್ತವರು ಸುಮಾರು 80 ಸಾವಿರ ಮಂದಿ. ಭಾರತದ ಗಂಡಸರಿಗೆ ಬರುವ ಕ್ಯಾನ್ಸರುಗಳಲ್ಲಿ ಮೊದಲ ಸ್ಥಾನ ಇದರದೇ. ದುಡಿಯುವ ವಯಸ್ಸಿನವರಿಗೆ ಈ ರೋಗ ಬಂದರೆ ಕೊಟ್ಟಿಗೆಯ ರಾಸುಗಳೂ ಸಂತೆಗೆ ಹೋಗುತ್ತವೆ, ಮನೆಯ ಉಳಿತಾಯವೂ ಆಸ್ಪತ್ರೆಗೆ ಹೋಗುತ್ತದೆ. ಆದರೆ ಬಹುಮಟ್ಟಿಗೆ ತಡೆಯಬಹುದಾದ ಕ್ಯಾನ್ಸರುಗಳಲ್ಲಿ ಇದೂ ಒಂದು.

"ಊಟ ಬಲ್ಲವನಿಗೆ ರೋಗವಿಲ್ಲ" ಎಂಬ ಗಾದೆ ಎಲ್ಲರಿಗೂ ಗೊತ್ತು. ಬಾಯಿ ಕ್ಯಾನ್ಸರಿನ ಮಟ್ಟಿಗೆ ಈ ಗಾದೆ ಎಷ್ಟು ನಿಜ, ಎಲ್ಲಿಯವರೆಗೆ ನಿಜ ಎಂಬುದನ್ನು ಈಗ ನೋಡೋಣ.

ಕೊಟ್ಟಿಗೆಯಿಂದ ಒಂದು ಪಾಠ

ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಬರೀ ಒಣ ಹುಲ್ಲು ತಿಂದ ಹಸುವಿಗೆ ಏನಾಗುತ್ತದೆ ಎಂಬುದು ನಿಮಗೆ ಗೊತ್ತಿದೆ. ಮೈಯ ಕೂದಲು ಒರಟಾಗುತ್ತದೆ. ಮಬ್ಬು ಬೆಳಕಿನಲ್ಲಿ ಕಣ್ಣು ಕಾಣದಾಗುತ್ತದೆ. ಹುಟ್ಟಿದ ಕರು ಅಶಕ್ತವಾಗಿದ್ದು ಭೇದಿ, ನೆಗಡಿ, ಶ್ವಾಸಕೋಶದ ರೋಗಗಳಿಗೆ ಬೇಗ ತುತ್ತಾಗುತ್ತದೆ. ಇದಕ್ಕೆ ಮುಖ್ಯ ಕಾರಣ 'ಎ' ಜೀವಸತ್ವದ ಕೊರತೆ. ಹಸಿರು ಮೇವಿನಲ್ಲಿರುವ ಕೆರೋಟಿನ್ ಎಂಬ ಹಳದಿ ವಸ್ತುವಿನಿಂದ ರಾಸುವಿನ ದೇಹ ಈ ಜೀವಸತ್ವವನ್ನು ತಯಾರಿಸಿಕೊಳ್ಳುತ್ತದೆ. ಹುಲ್ಲು ಒಣಗಿ ಹಳೆಯದಾದಂತೆ ಕೆರೋಟಿನ್ ನಾಶವಾಗುತ್ತದೆ.

ಬಾಯಿ, ಗಂಟಲು, ಶ್ವಾಸನಾಳ, ಕರುಳು ಇವುಗಳ ಒಳಗೆಲ್ಲ ತೆಳುವಾದ ಒದ್ದೆ ಪೊರೆಯೊಂದಿದೆ. ಈ ಪೊರೆ ಮೃದುವಾಗಿ, ಒದ್ದೆಯಾಗಿ ಇರಲು 'ಎ' ಜೀವಸತ್ವ ಬೇಕು. ಅದು ಕಡಿಮೆಯಾದರೆ ಪೊರೆ ಒಣಗಿ ಗಡುಸಾಗುತ್ತದೆ, ರೋಗವನ್ನು ತಡೆಯುವ ಶಕ್ತಿ ಕುಗ್ಗುತ್ತದೆ. ಹಸುವಿನಲ್ಲೂ ಅಷ್ಟೇ, ಮನುಷ್ಯರಲ್ಲೂ ಅಷ್ಟೇ.

ಬಾಯಿಯ ಒಳಪೊರೆಯಲ್ಲಿ ಹಳೆಯ ಜೀವಕೋಶಗಳು ಉದುರಿ, ಎರಡು-ಮೂರು ವಾರಗಳಲ್ಲಿ ಅಷ್ಟೂ ಹೊಸದಾಗಿ ಬೆಳೆಯುತ್ತವೆ. ಇಷ್ಟು ವೇಗವಾಗಿ ಬೆಳೆಯುವ ಜಾಗಕ್ಕೆ ಪೋಷಣೆಯೂ ಹೆಚ್ಚು ಬೇಕು. ಅದೇ ಜಾಗದಲ್ಲಿ ದಿನವೂ ವಿಷವಸ್ತು ತಾಗುತ್ತಿದ್ದರೆ ಬೆಳವಣಿಗೆಯ ಕ್ರಮ ತಪ್ಪಿ, ಕೋಶಗಳು ಹತೋಟಿ ಇಲ್ಲದೆ ಬೆಳೆಯಲು ಪ್ರಾರಂಭಿಸುವ ಸಂಭವವೂ ಹೆಚ್ಚು. ಹೀಗೆ ಹತೋಟಿ ತಪ್ಪಿದ ಬೆಳವಣಿಗೆಯೇ ಕ್ಯಾನ್ಸರ್. ಎತ್ತುಗಳಿಗೆ ಬರುವ ಕೊಂಬಿನ ಕ್ಯಾನ್ಸರನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅದೂ ಮನುಷ್ಯರ ಬಾಯಿ ಕ್ಯಾನ್ಸರಿನ ಜಾತಿಗೇ ಸೇರಿದ್ದು. ನೊಗ ಹಾಗೂ ಹಗ್ಗದ ನಿರಂತರ ಉಜ್ಜಾಟವೂ ಅದರ ಕಾರಣಗಳಲ್ಲಿ ಒಂದೆಂದು ಹೇಳಲಾಗಿದೆ.

ರೋಗದ ಬೇರು

ಆಹಾರದ ವಿಚಾರಕ್ಕೆ ಹೋಗುವ ಮೊದಲು ರೋಗದ ಮೂಲ ತಿಳಿದಿರಬೇಕು. ಬಾಯಿ ಕ್ಯಾನ್ಸರಿನ ಮುಖ್ಯ ಕಾರಣಗಳು ಮೂರು: ಹೊಗೆಸೊಪ್ಪು (ಜಗಿಯುವುದು, ಸೇದುವುದು ಎರಡೂ), ಅಡಿಕೆ ಮತ್ತು ಮದ್ಯ. ಹೊಗೆಸೊಪ್ಪಿನ ಜೊತೆಗೆ ಕುಡಿತವೂ ಸೇರಿದರೆ ಅಪಾಯ ಹಲವು ಪಟ್ಟು ಏರುತ್ತದೆ.

ಕಡ್ಡಿಪುಡಿ, ಗುಟ್ಕಾ, ಸುಣ್ಣ ತಿಕ್ಕಿದ ತಂಬಾಕು ಇವನ್ನು ಕೆನ್ನೆಯ ಸಂದಿಯಲ್ಲಿ ಗಂಟೆಗಟ್ಟಲೆ ಇಟ್ಟುಕೊಳ್ಳುವ ಅಭ್ಯಾಸ ನಮ್ಮಲ್ಲಿದೆ. ನಮ್ಮ ದೇಶದಲ್ಲಿ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದೂ ಕೆನ್ನೆ ಮತ್ತು ವಸಡಿನ ನಡುವಿನ ಅದೇ ಸಂದಿಯಲ್ಲಿ. ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ಸುಮಾರು 23 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಾರೆ ಎಂದು 2016-17ರ ಸಮೀಕ್ಷೆ ತಿಳಿಸಿತು. ಜಗಿಯುವವರ ಸಂಖ್ಯೆ ಸೇದುವವರಿಗಿಂತ ಹೆಚ್ಚು. ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಬಳಿಕ ಪಾನ್ ಮಸಾಲೆಯ ಪೊಟ್ಟಣ ಒಂದು, ತಂಬಾಕಿನ ಪೊಟ್ಟಣ ಇನ್ನೊಂದು ಎಂದು ಬೇರೆ ಬೇರೆಯಾಗಿ ಮಾರಾಟವಾಗಿ, ಎರಡೂ ಬಾಯಲ್ಲಿ ಒಂದಾಗುತ್ತವೆ.

ಆಹಾರ ಏನು ಮಾಡುತ್ತದೆ?

ಆಹಾರದಿಂದ ಬಾಯಿಗೆ ಸಿಗುವ ರಕ್ಷಣೆಯನ್ನು ಹೀಗೆ ವಿಂಗಡಿಸಿ ನೋಡಬಹುದು.

1. ಕೆರೋಟಿನ್ ಮತ್ತು 'ಎ' ಜೀವಸತ್ವ: ಬಾಯಿಯ ಪೊರೆಯನ್ನು ಸುಸ್ಥಿತಿಯಲ್ಲಿ ಇಡುತ್ತವೆ. ಹಸಿರು ಸೊಪ್ಪುಗಳು, ಕ್ಯಾರೆಟ್, ಸಿಹಿಗುಂಬಳ, ಪರಂಗಿ ಹಣ್ಣು, ಮಾವಿನ ಹಣ್ಣುಗಳಲ್ಲಿ ಕೆರೋಟಿನ್ ಇದೆ. ಹಾಲು, ತುಪ್ಪ, ಮೊಟ್ಟೆಗಳಲ್ಲಿ 'ಎ' ಜೀವಸತ್ವ ನೇರವಾಗಿ ದೊರೆಯುತ್ತದೆ.

2. 'ಸಿ' ಜೀವಸತ್ವ: ವಸಡನ್ನು ಗಟ್ಟಿಯಾಗಿಡುತ್ತದೆ, ಗಾಯ ಮಾಯಿಸುತ್ತದೆ, ಆಹಾರದಲ್ಲಿರುವ ಕಬ್ಬಿಣದ ಅಂಶ ದೇಹಕ್ಕೆ ಹತ್ತುವಂತೆ ಮಾಡುತ್ತದೆ. ನೆಲ್ಲಿಕಾಯಿ ಮತ್ತು ಸೀಬೆ ಹಣ್ಣಿನಲ್ಲಿ ಇದು ಕಿತ್ತಳೆಗಿಂತಲೂ ಬಹಳ ಹೆಚ್ಚಾಗಿದೆ.

3. ಫೋಲಿಕ್ ಆಮ್ಲ: ಹೊಸ ಜೀವಕೋಶಗಳು ಸರಿಯಾದ ಕ್ರಮದಲ್ಲಿ ಹುಟ್ಟಲು ಬೇಕು. ಸೊಪ್ಪು, ಬೇಳೆ, ಕಾಳುಗಳಲ್ಲಿದೆ.

4. ಕಬ್ಬಿಣದ ಅಂಶ: ರಕ್ತಹೀನತೆ ಇರುವವರ ನಾಲಿಗೆ ನುಣುಪಾಗಿ ಉರಿಯುತ್ತದೆ, ಬಾಯಿಯ ಪೊರೆ ತೆಳುವಾಗುತ್ತದೆ, ತುಟಿಯ ಅಂಚು ಒಡೆಯುತ್ತದೆ. ದೀರ್ಘಕಾಲದ ತೀವ್ರ ರಕ್ತಹೀನತೆಯಿಂದ ನುಂಗಲು ಕಷ್ಟವಾಗುವ ಸ್ಥಿತಿ ಬಂದವರಲ್ಲಿ ಗಂಟಲಿನ ಕೆಳಭಾಗದ ಕ್ಯಾನ್ಸರ್ ಹೆಚ್ಚು ಎಂಬುದನ್ನು ವೈದ್ಯರು ಬಹಳ ಹಿಂದೆಯೇ ಗುರುತಿಸಿದ್ದಾರೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ತರಕಾರಿ ಮತ್ತು ಹಣ್ಣು ಬಾಯಿ, ಗಂಟಲಿನ ಕ್ಯಾನ್ಸರಿನಿಂದ 'ಬಹುಶಃ' ರಕ್ಷಣೆ ಕೊಡುತ್ತವೆ ಎಂದು ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ 2007ರ ವರದಿಯಲ್ಲಿ ಹೇಳಿತ್ತು. ಮುಂದೆ ಹೆಚ್ಚಿನ ಅಧ್ಯಯನಗಳನ್ನು ಪರಿಶೀಲಿಸಿ 2018ರಲ್ಲಿ ತರಕಾರಿಯ ಬಗ್ಗೆ 'ಸೂಚನೆ ಇದೆ, ಆದರೆ ಸಾಕ್ಷ್ಯ ಸೀಮಿತ' ಎಂದು ತೀರ್ಮಾನವನ್ನು ಸಡಿಲಿಸಿತು. ಮದ್ಯದಿಂದ ಕ್ಯಾನ್ಸರ್ ಬರುತ್ತದೆ ಎಂಬ ತೀರ್ಮಾನ ಮಾತ್ರ ಹಾಗೆಯೇ ಗಟ್ಟಿಯಾಗಿ ನಿಂತಿದೆ. ಆದ್ದರಿಂದ ಒಳ್ಳೆಯ ಊಟ ನಮ್ಮ ಹೊಲದ ಬೇಲಿಯಿದ್ದಂತೆ. ಬೇಲಿ ಬೇಕೇ ಬೇಕು. ಆದರೆ ದನವನ್ನು ನಾವೇ ಕೈ ಹಿಡಿದು ಒಳಗೆ ಬಿಟ್ಟರೆ ಬೇಲಿ ಏನು ಮಾಡೀತು?

ಮಾತ್ರೆ ನುಂಗಿದರೆ ಸಾಲದೇ?

"ಸೊಪ್ಪು, ಹಣ್ಣು ಯಾಕೆ? ವಿಟಮಿನ್ ಮಾತ್ರೆ ತೆಗೆದುಕೊಂಡರೆ ಆಯಿತಲ್ಲ" ಎಂದು ಕೇಳುವವರಿದ್ದಾರೆ. ಇದಕ್ಕೆ ನಮ್ಮ ಪಕ್ಕದ ಕೇರಳದಲ್ಲೇ ನಡೆದ ಪ್ರಯೋಗವೊಂದು ಉತ್ತರ ಕೊಡುತ್ತದೆ. ಅದರ ಫಲಿತಾಂಶ 1997ರಲ್ಲಿ ಪ್ರಕಟವಾಯಿತು. ಬಾಯಲ್ಲಿ ಬಿಳಿ ಮಚ್ಚೆ (ಕ್ಯಾನ್ಸರಿಗೆ ತಿರುಗಬಹುದಾದ ಕಲೆ) ಇದ್ದ ಮೀನುಗಾರ ಕುಟುಂಬಗಳ ಗಂಡಸರು ಮತ್ತು ಹೆಂಗಸರಿಗೆ ಒಂದು ವರ್ಷ ಕಾಲ ಔಷಧಿ ಕೊಡಲಾಯಿತು. 'ಎ' ಜೀವಸತ್ವ ಪಡೆದವರಲ್ಲಿ ನೂರಕ್ಕೆ 52 ಮಂದಿಗೆ, ಕೆರೋಟಿನ್ ಪಡೆದವರಲ್ಲಿ 33 ಮಂದಿಗೆ ಮಚ್ಚೆ ಪೂರ್ತಿ ಮಾಯವಾಯಿತು. ಸತ್ವವಿಲ್ಲದ ಮಾತ್ರೆ ಪಡೆದವರಲ್ಲಿ ವಾಸಿಯಾದವರು 10 ಮಂದಿ ಮಾತ್ರ. ಆದರೆ ಔಷಧಿ ನಿಲ್ಲಿಸಿದ ಮೇಲೆ, ವಾಸಿಯಾಗಿದ್ದವರಲ್ಲಿ 'ಎ' ಜೀವಸತ್ವ ಪಡೆದ ಮೂರನೇ ಎರಡು ಭಾಗದವರಿಗೆ, ಕೆರೋಟಿನ್ ಪಡೆದ ಅರ್ಧದಷ್ಟು ಮಂದಿಗೆ ಮಚ್ಚೆ ಮತ್ತೆ ಕಾಣಿಸಿಕೊಂಡಿತು.

ಇದರಿಂದ ಎರಡು ವಿಷಯ ತಿಳಿಯುತ್ತದೆ. ಈ ಪೋಷಕಾಂಶಗಳಿಗೂ ಬಾಯಿಯ ಪೊರೆಗೂ ನಿಜವಾದ ಸಂಬಂಧವಿದೆ. ಆದರೆ ಮಾತ್ರೆಯ ಗುಣ ಮಾತ್ರೆ ಇರುವವರೆಗೆ ಮಾತ್ರ. ಇನ್ನೊಂದು ಎಚ್ಚರಿಕೆಯೂ ಇದೆ. ಫಿನ್ಲೆಂಡ್ ದೇಶದಲ್ಲಿ 29 ಸಾವಿರಕ್ಕೂ ಹೆಚ್ಚು ಮಂದಿ ಧೂಮಪಾನಿ ಗಂಡಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಹೊರಬಂದಾಗ, ಕೆರೋಟಿನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ನೂರಕ್ಕೆ 18ರಷ್ಟು ಹೆಚ್ಚಾಗಿತ್ತು. ಅಂದಮೇಲೆ ಬೀಡಿ ಸೇದುವವರು ವೈದ್ಯರನ್ನು ಕೇಳದೆ ಇಂತಹ ಮಾತ್ರೆಗಳನ್ನು ತೆಗೆದುಕೊಳ್ಳಬಾರದು. ತಟ್ಟೆಯಲ್ಲಿರುವ ಸೊಪ್ಪು, ಹಣ್ಣಿಗೆ ಈ ಭಯವಿಲ್ಲ.

ಚಟ ಊಟವನ್ನೂ ಕಸಿಯುತ್ತದೆ

ಬೆಳಗಿನ ಜಾವ ಎದ್ದು, ಸಗಣಿ ಬಾಚಿ, ಹಾಲು ಕರೆದು, ಕ್ಯಾನು ಹಿಡಿದು ಸಂಘಕ್ಕೆ ಹೋಗಿ ಬರುವಷ್ಟರಲ್ಲಿ ಬಿಸಿಲೇರಿರುತ್ತದೆ. ಅಷ್ಟು ಹೊತ್ತು ಹೊಟ್ಟೆಯಲ್ಲಿ ಒಂದು ಲೋಟ ಟೀ, ಬಾಯಲ್ಲಿ ಒಂದು ಚಿಟಿಕೆ ಕಡ್ಡಿಪುಡಿ. ಹೊಗೆಸೊಪ್ಪು ಹಸಿವನ್ನು ಅಡಗಿಸುತ್ತದೆ. ಹೀಗಾಗಿ ಬೆಳಗಿನ ಊಟ ತಪ್ಪುತ್ತದೆ. ನಾಲಿಗೆಯ ರುಚಿ ಕೆಟ್ಟು ಸೊಪ್ಪು, ತರಕಾರಿ ಸಪ್ಪೆ ಎನಿಸುತ್ತದೆ.

ಅಡಿಕೆ, ಗುಟ್ಕಾ ಜಗಿಯುವವರಿಗೆ ಇನ್ನೂ ಒಂದು ತೊಂದರೆ. ಕೆನ್ನೆಯ ಒಳಭಾಗ ಬಿಳಿಚಿಕೊಂಡು, ನಾರಿನಂತೆ ಗಟ್ಟಿಯಾಗಿ, ಬಾಯಿ ತೆರೆಯಲಾಗದ ಬಿಗಿತ ಬರುತ್ತದೆ. ಖಾರ ಸ್ವಲ್ಪ ತಾಗಿದರೂ ಉರಿ. ಆಗ ಆ ಮನುಷ್ಯ ಸಾರು, ಪಲ್ಯ, ಹುಳಿ ಹಣ್ಣು ಎಲ್ಲ ಬಿಟ್ಟು ಬರೀ ಅನ್ನ, ಮಜ್ಜಿಗೆಗೆ ಇಳಿಯುತ್ತಾನೆ. ಹೀಗೆ ರಕ್ಷಣೆ ಹೆಚ್ಚು ಬೇಕಾದವನಿಗೇ ರಕ್ಷಣೆಯ ಆಹಾರ ಸಿಗದಂತಾಗುತ್ತದೆ. ಈ ಬಾಯಿ ಬಿಗಿತವೂ ಕ್ಯಾನ್ಸರಿಗೆ ತಿರುಗಬಲ್ಲದು.

ಮನೆಯ ಹೆಂಗಸರ ಸ್ಥಿತಿಯನ್ನೂ ಗಮನಿಸಬೇಕು. ಹಾಲು ಕರೆಯುವ, ಮೇವು ಹಾಕುವ ಕೆಲಸದ ಬಹುಪಾಲು ಅವರದೇ. ಊಟಕ್ಕೆ ಕೂರುವುದು ಮಾತ್ರ ಕೊನೆಯಲ್ಲಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ರಕ್ತಹೀನತೆಯ ಜೊತೆಗೆ ಎಲೆ ಅಡಿಕೆ, ಹೊಗೆಸೊಪ್ಪೂ ಸೇರಿದರೆ ಬಾಯಿಯ ಪೊರೆಗೆ ಎರಡು ಕಡೆಯಿಂದಲೂ ಪೆಟ್ಟು.

ದಿನದ ಊಟ ಹೇಗಿರಬೇಕು?

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ಒಬ್ಬ ವಯಸ್ಕ ವ್ಯಕ್ತಿ ದಿನಕ್ಕೆ ಕನಿಷ್ಠ 400 ಗ್ರಾಂ ತರಕಾರಿ ಮತ್ತು ಹಣ್ಣು ತಿನ್ನಬೇಕು (ಆಲೂಗೆಡ್ಡೆ, ಗೆಣಸು ಈ ಲೆಕ್ಕಕ್ಕಿಲ್ಲ). ದುಬಾರಿ ಸೇಬು, ದ್ರಾಕ್ಷಿ ತರಬೇಕಾಗಿಲ್ಲ. ನಮ್ಮ ಹಿತ್ತಲು, ಬದುಗಳಲ್ಲಿ ಬೆಳೆಯುವುದೇ ಸಾಕು.

• ದಿನಕ್ಕೊಂದು ಸೊಪ್ಪು: ನುಗ್ಗೆ, ದಂಟು, ಕೀರೆ, ಮೆಂತ್ಯ, ಹೊನಗೊನ್ನೆ, ಅಗಸೆ ಯಾವುದಾದರೂ ಸರಿ. ಬದುವಿನ ಅಗಸೆ ಮರದ ಸೊಪ್ಪನ್ನು ಹಸುವಿಗೆ ಕೊಯ್ದು ಹಾಕುವಾಗ ಮನೆಗೂ ಒಂದು ಹಿಡಿ ತನ್ನಿ.

• ಸೊಪ್ಪು ಬೇಯಿಸಿದ ನೀರು ಚೆಲ್ಲಬೇಡಿ. ಫೋಲಿಕ್ ಆಮ್ಲವೂ 'ಸಿ' ಜೀವಸತ್ವವೂ ನೀರಿಗೆ ಇಳಿಯುತ್ತವೆ. ಬಸಿದ ನೀರಿನಲ್ಲೇ ಸಾರು ಮಾಡುವ ನಮ್ಮ ಬಸ್ಸಾರು, ಉಪ್ಪುಸಾರು ಈ ದೃಷ್ಟಿಯಿಂದ ಬಹಳ ಒಳ್ಳೆಯ ಪದ್ಧತಿ.

• ಸೊಪ್ಪಿಗೆ ಒಗ್ಗರಣೆ ಇರಲಿ, ಅಥವಾ ಊಟದಲ್ಲಿ ಅರ್ಧ ಚಮಚ ತುಪ್ಪ ಇರಲಿ. ಜಿಡ್ಡು ಇಲ್ಲದಿದ್ದರೆ ಕೆರೋಟಿನ್ ಮೈಗೆ ಹತ್ತುವುದಿಲ್ಲ.

• ನಿಂಬೆ ರಸವನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಿ. 'ಸಿ' ಜೀವಸತ್ವ ಬಿಸಿಗೆ ನಾಶವಾಗುತ್ತದೆ.

• ಊಟದ ಜೊತೆಗೇ ಟೀ, ಕಾಫಿ ಬೇಡ. ಅವು ಕಬ್ಬಿಣದ ಅಂಶ ಹತ್ತದಂತೆ ತಡೆಯುತ್ತವೆ. ಒಂದು ಗಂಟೆ ಬಿಟ್ಟು ಕುಡಿಯಿರಿ.

• ಹುರುಳಿ, ಅವರೆ, ಅಲಸಂದೆ, ಹೆಸರು ಕಾಳುಗಳನ್ನು ಮೊಳಕೆ ಕಟ್ಟಿ ಬಳಸಿ.

• ಕಾಲಕ್ಕೆ ತಕ್ಕಂತೆ ಒಂದು ಹಣ್ಣು: ಸೀಬೆ, ಪರಂಗಿ, ಮಾವು, ನೇರಳೆ, ಬಾಳೆ.

• ಸಂಘಕ್ಕೆ ಹೊರಡುವ ಮೊದಲು ರಾಗಿ ಅಂಬಲಿ ಅಥವಾ ಒಂದು ರೊಟ್ಟಿ ಹೊಟ್ಟೆಗೆ ಬೀಳಲಿ. ಕಡ್ಡಿಪುಡಿಯ ನೆನಪು ಅರ್ಧ ಕಡಿಮೆಯಾಗುತ್ತದೆ.

ಕೊಟ್ಟಿಗೆ ತೊಳೆದ ನೀರು ಹರಿಯುವ ಕಡೆ ಎರಡು ನುಗ್ಗೆ, ಎರಡು ಪರಂಗಿ, ಒಂದು ನಿಂಬೆ ಗಿಡ ನೆಟ್ಟರೆ ಬೇರೆ ನೀರು, ಗೊಬ್ಬರ ಬೇಡ. ನೆಲದ ಸೊಪ್ಪಿನ ಮಡಿಗೆ ಮಾತ್ರ ಈ ನೀರನ್ನು ಎಲೆಯ ಮೇಲೆ ಹರಿಸಬೇಡಿ. ಕೊಳೆತ ಗೊಬ್ಬರ ಹಾಕಿ, ಸೊಪ್ಪನ್ನು ಚೆನ್ನಾಗಿ ತೊಳೆದು ಬಳಸಿ.

ಮನೆಗೂ ಸ್ವಲ್ಪ ಹಾಲು ಉಳಿಸಿ

ಒಕ್ಕೂಟದ ಅಧಿಕಾರಿಯೇ ಹೀಗೆ ಹೇಳುತ್ತಾರಲ್ಲ ಎಂದುಕೊಳ್ಳಬೇಡಿ. ಕರೆದ ಹಾಲನ್ನೆಲ್ಲ ಸಂಘಕ್ಕೆ ಅಳೆದು, ಮಕ್ಕಳಿಗೆ ಬರೀ ಟೀ ಕೊಡುವ ಮನೆಗಳಿವೆ. ಹಾಲು ಬಾಯಿ ಕ್ಯಾನ್ಸರಿಗೆ ಔಷಧಿಯಲ್ಲ. ಆದರೆ ಹಾಲಿನಲ್ಲಿ 'ಎ' ಜೀವಸತ್ವವಿದೆ, ಒಳ್ಳೆಯ ಸಸಾರಜನಕವಿದೆ. ಮಾಂಸ ತಿನ್ನದವರಿಗೆ ಸುಲಭವಾಗಿ ಸಿಗದ 'ಬಿ12' ಜೀವಸತ್ವವಿದೆ. ಎಮ್ಮೆಯ ಹಾಲು ಬೆಳ್ಳಗಿದೆಯೆಂದು ಸತ್ವ ಕಡಿಮೆಯೆಂದುಕೊಳ್ಳಬೇಡಿ. ಎಮ್ಮೆಯು ಹಳದಿ ಕೆರೋಟಿನ್ನನ್ನು ಬಣ್ಣವಿಲ್ಲದ 'ಎ' ಜೀವಸತ್ವವಾಗಿ ಮಾರ್ಪಡಿಸಿಯೇ ಹಾಲಿಗೆ ಬಿಡುತ್ತದೆ. ಮನೆಯಲ್ಲಿ ಪ್ರತಿಯೊಬ್ಬರಿಗೂ ದಿನಕ್ಕೊಂದು ಲೋಟ ಹಾಲು ಅಥವಾ ಮೊಸರು ಉಳಿಸಿ, ಮಿಕ್ಕಿದ್ದನ್ನು ಸಂಘಕ್ಕೆ ಹಾಕಿ. ಹಸುವಿಗೆ ಹಸಿರು ಮೇವು ಹಾಕಿದರೆ ಈ ಹಾಲಿನ ಸತ್ವವೂ ಹೆಚ್ಚುತ್ತದೆ.

ಸದಸ್ಯರು ಕೇಳುವ ಪ್ರಶ್ನೆಗಳು

*ಹೊಗೆಸೊಪ್ಪು ಇಲ್ಲದೆ ಬರೀ ಎಲೆ ಅಡಿಕೆ ಹಾಕಿದರೂ ಅಪಾಯವೇ?*
ಹೌದು. ತಂಬಾಕು ಸೇರಿಸದ ಎಲೆ ಅಡಿಕೆಯೂ, ಬರೀ ಅಡಿಕೆಯೂ ಮನುಷ್ಯರಿಗೆ ಕ್ಯಾನ್ಸರ್ ತರುತ್ತವೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೀರ್ಮಾನಿಸಿದೆ. ವೀಳ್ಯದೆಲೆಯ ಮೇಲೆ ಆ ಆರೋಪವಿಲ್ಲ. ನಮ್ಮ ಸದಸ್ಯರಲ್ಲಿ ಅನೇಕರಿಗೆ ಅಡಿಕೆ ತೋಟವೇ ಜೀವನಾಧಾರ ಎಂಬುದು ಗೊತ್ತಿದೆ. ಬೆಳೆಯ ಬಗ್ಗೆ ಇಲ್ಲಿ ಚರ್ಚೆಯಿಲ್ಲ. ಬೆಳೆದವರ ಬಾಯಿಗೂ ಅದು ರಿಯಾಯಿತಿ ತೋರಿಸುವುದಿಲ್ಲ ಎಂಬುದಷ್ಟೇ ಮಾತು.

*ಖಾರ ಹೆಚ್ಚು ತಿಂದರೆ ಬಾಯಿ ಬಿಗಿತ ಬರುತ್ತದೆಯೇ?*
ಹಿಂದೆ ಮೆಣಸಿನಕಾಯಿಯ ಮೇಲೆ ಅನುಮಾನವಿತ್ತು. ಮುಖ್ಯ ಕಾರಣ ಅಡಿಕೆ ಎಂಬುದು ಈಗ ಖಚಿತವಾಗಿದೆ. ಬಿಗಿತ ಬಂದ ಬಾಯಿಗೆ ಖಾರ ಉರಿಯುತ್ತದೆ ಎಂಬುದು ಬೇರೆ ಮಾತು.

*ಚಟ ಬಿಡಲು ಆಗುತ್ತಿಲ್ಲ. ಒಳ್ಳೆಯ ಊಟವನ್ನಾದರೂ ಮಾಡಿದರೆ ಸಾಕೇ?*
ಸಾಲದು. ಊಟ ಚಟಕ್ಕೆ ಬದಲಿಯಲ್ಲ. ಆದರೆ ಊಟ ಸರಿಯಾದರೆ ಚಟ ಬಿಡುವುದು ಸುಲಭವಾಗುತ್ತದೆ. ಬಾಯಿ ಕೇಳಿದಾಗ ಹುರಿಗಡಲೆ, ಒಣಗಿಸಿದ ನೆಲ್ಲಿಕಾಯಿ, ಸೋಂಪು, ಒಂದೆರಡು ಲವಂಗ ಜೇಬಿನಲ್ಲಿರಲಿ. ಬಿಟ್ಟ ಮೊದಲ ಎರಡು-ಮೂರು ವಾರ ಕಷ್ಟ. ಆ ಮೇಲೆ ಹಗುರವಾಗುತ್ತದೆ. ತಂಬಾಕು ಬಿಡಲು ನೆರವಾಗುವ ಸರ್ಕಾರದ ಉಚಿತ ದೂರವಾಣಿ ಸಂಖ್ಯೆ 1800-11-2356.

ಬಾಯಿಯನ್ನು ನೀವೇ ನೋಡಿಕೊಳ್ಳಿ

ತಿಂಗಳಿಗೊಮ್ಮೆ ಬಾಯಿ ತೊಳೆದು, ಹಗಲು ಬೆಳಕಿನಲ್ಲಿ ಕನ್ನಡಿ ಹಿಡಿದು ತುಟಿಯ ಒಳಭಾಗ, ಎರಡೂ ಕೆನ್ನೆ, ವಸಡು, ನಾಲಿಗೆಯ ಮೇಲೆ, ಅಂಚು, ಕೆಳಗೆ ಮತ್ತು ಅಂಗಳವನ್ನು ನೋಡಿ. ಶುಚಿಯಾದ ಬೆರಳಿನಿಂದ ಮುಟ್ಟಿ ನೋಡಿ. ಕೆಳಗಿನ ಯಾವುದು ಕಂಡರೂ ತಡ ಮಾಡದೆ ವೈದ್ಯರಿಗೆ ತೋರಿಸಿ:

• ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ
• ಎರಡು ವಾರ ಕಳೆದರೂ ಮಾಯದ ಹುಣ್ಣು (ನೋವಿಲ್ಲದಿದ್ದರೂ ಸಹ)
• ಬಾಯಿ ತೆರೆದಾಗ ಮೂರು ಬೆರಳು ನಿಲ್ಲಿಸಿ ಇಡಲಾಗದ ಬಿಗಿತ
• ಕಾರಣವಿಲ್ಲದೆ ಅಲುಗುವ ಹಲ್ಲು, ಕೆನ್ನೆ ಅಥವಾ ಕುತ್ತಿಗೆಯಲ್ಲಿ ಗಂಟು
• ನುಂಗಲು, ನಾಲಿಗೆ ಹೊರಳಿಸಲು ಕಷ್ಟ

ಈ ಪರೀಕ್ಷೆಗೆ ದೊಡ್ಡ ಯಂತ್ರ ಬೇಕಿಲ್ಲ. ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬರಿಗಣ್ಣಿನಿಂದ ಬಾಯಿ ನೋಡಿದ ಯೋಜನೆಯ ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆಯಾಗಿತ್ತು. ನಮ್ಮಲ್ಲೂ 30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಾಯಿ ತಪಾಸಣೆಗೆ ಅವಕಾಶವಿದೆ. ಆಶಾ ಕಾರ್ಯಕರ್ತೆಯರನ್ನು ವಿಚಾರಿಸಿ. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಂತಹ ಆಸ್ಪತ್ರೆಗಳಿವೆ. ನಾಟಿ ಔಷಧಿ, ಸುಡುವುದು, ಕೀಳುವುದು ಎಂದು ಕಾಲ ಕಳೆಯಬಾರದು.

ಸಂಘಗಳ ಅಧ್ಯಕ್ಷರು, ಕಾರ್ಯದರ್ಶಿಗಳಲ್ಲಿ ಒಂದು ವಿನಂತಿ. ರಾಸುಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಿಸುವ ದಿನ ಸದಸ್ಯರೆಲ್ಲರೂ ಒಂದೆಡೆ ಸೇರುತ್ತಾರೆ. ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಕರೆಸಿ ಸದಸ್ಯರ ಬಾಯಿ ತಪಾಸಣೆಯನ್ನೂ ಏರ್ಪಡಿಸಬಹುದು. ಓದು ಬಾರದ ಸದಸ್ಯರಿಗೆ ಈ ಲೇಖನವನ್ನು ಹಾಲು ಅಳೆಯುವ ಸಮಯದಲ್ಲಿ ಓದಿ ಹೇಳಿ.

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಮಾತು ನಿಜವಾಗಬೇಕಾದರೆ ಬಾಯಿಗೆ ಏನು ಹಾಕಬೇಕು ಎಂಬುದರ ಜೊತೆಗೆ ಏನು ಹಾಕಬಾರದು ಎಂಬುದೂ ಗೊತ್ತಿರಬೇಕು. ಈ ವಾರವೇ ಹಿತ್ತಲಿನಲ್ಲಿ ಒಂದು ನುಗ್ಗೆ ಕಡ್ಡಿ ನೆಡಿ, ಜೇಬಿನಲ್ಲಿರುವ ಪೊಟ್ಟಣವನ್ನು ತಿಪ್ಪೆಗೆ ಹಾಕಿ.

– ಪಶುವೈದ್ಯಕೀಯ ವಿಸ್ತರಣಾಧಿಕಾರಿ